ಮಾಸ್ಕ್ ಹಾಕಿದ್ರೆ ಚಷ್ಮಾ ಮಬ್ಬಾಗ್ತದಾ? ಮೊದ್ಲು ಹಬೆ ಎಲ್ಲಿಂದ ಬರ್ತಿದೆ ನೋಡಿ

ನಾನು ಕುಮಟಾದಲ್ಲಿ ಚಷ್ಮಾ ಅಂಗಡಿಲಿ ಕೆಲಸ ಮಾಡ್ತೇನೆ, ಕೋವಿಡ್ ಮುಗಿದ ಮೇಲೂ ಈ ಕಂಪ್ಲೇಂಟ್ ನಿಂತಿಲ್ಲ. ಆಗ ಊರೆಲ್ಲ ಕೇಳ್ತಿತ್ತು, ಈಗ ಕೇಳೋರು ಬೇರೆ, ಆಸ್ಪತ್ರೆ ನರ್ಸ್‌ಗಳು, ಲ್ಯಾಬಲ್ಲಿ ಇರೋರು, ಅಡಿಕೆ ಸುಲಿಯೋ ಮಷಿನ್ ಹತ್ರ ಧೂಳಲ್ಲಿ ನಿಲ್ಲೋರು, ಹೈವೇ ಧೂಳಿಗೆ ಮಾಸ್ಕ್ ಕಟ್ಕೊಂಡು ಬೈಕ್ ಓಡ್ಸೋರು, ಮಳೆಗಾಲದಲ್ಲಿ ತೋಟಕ್ಕೆ ಮದ್ದು ಹೊಡೆಯೋರು. ಎಲ್ಲರದ್ದೂ ಒಂದೇ ಮಾತು, ಮಾಸ್ಕ್ ಹಾಕಿದ್ರೆ ಚಷ್ಮಾ ಬೆಳ್ಳಗಾಗ್ತದೆ, ಏನಾದ್ರೂ ಸ್ಪ್ರೇ ಇದ್ರೆ ಕೊಡಿ.

ಸ್ಪ್ರೇ ಕೊಡೋದು ಸುಲಭ, ಆದ್ರೆ ಯಾಕೆ ಮಬ್ಬಾಗ್ತಿದೆ ಅಂತ ನೋಡದೆ ಸ್ಪ್ರೇ ತಗೊಂಡವರಲ್ಲಿ ಎಷ್ಟೋ ಜನರಿಗೆ ಅದ್ರಿಂದ ಏನೂ ಆಗೋದಿಲ್ಲ, ಆಮೇಲೆ ಅವರು ಮಾಡೋದು ಒಂದೇ, ಮಾಸ್ಕನ್ನ ಮೂಗಿನ ಕೆಳಗೆ ಎಳ್ಕೊಳ್ಳೋದು. ಮೂಗು ಹೊರಗಿದ್ರೆ ಆ ಮಾಸ್ಕ್ ಹಾಕಿ ಏನು ಪ್ರಯೋಜನ ಹೇಳಿ. ಅಡಿಕೆ ಧೂಳಾಗ್ಲಿ, ತೋಟಕ್ಕೆ ಹೊಡೆಯೋ ಸುಣ್ಣ ಮೈಲುತುತ್ತ ಹಾರೋದಾಗ್ಲಿ, ಆಸ್ಪತ್ರೆ ವಾರ್ಡ್ ಆಗ್ಲಿ, ಮೂಗಿಂದನೇ ಒಳಗೆ ಹೋಗೋದು. ಹಾಗಾಗಿ ನಾನು ಅಂಗಡಿಗೆ ಬಂದವರಿಗೆ ಏನೇನು ನೋಡಿ ಹೇಳ್ತೇನೋ ಅದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೀತಿದ್ದೇನೆ. ಚಷ್ಮಾ, ಮಾಸ್ಕ್ ಎರಡೂ ಕೈಯಲ್ಲಿ ಹಿಡ್ಕೊಂಡು ಓದಿದ್ರೆ ಒಳ್ಳೇದು.

ಮೊದಲು ಇದು ಯಾಕಾಗ್ತದೆ ಅನ್ನೋದು. ನಾವು ಬಿಡೋ ಉಸಿರು ಹೆಚ್ಚುಕಡಿಮೆ 34 ಡಿಗ್ರಿ ಬಿಸಿ ಇರ್ತದೆ, ಅದ್ರಲ್ಲಿ ಹಿಡಿಯೋವಷ್ಟೂ ನೀರು ತುಂಬಿರ್ತದೆ. 34 ಡಿಗ್ರಿ ಗಾಳಿ ಒಂದು ಘನ ಮೀಟರಿಗೆ ಸುಮಾರು 37 ಗ್ರಾಂ ನೀರಾವಿ ಹೊರಬಲ್ಲದು, ಅದೇ ಗಾಳಿ 25 ಡಿಗ್ರಿಗೆ ತಣಿದ್ರೆ 23 ಗ್ರಾಂ ಅಷ್ಟೇ, 15 ಡಿಗ್ರಿಗೆ ಇಳಿದ್ರೆ 13 ಗ್ರಾಂ ಕೂಡ ಸರಿಯಾಗಿ ಹೊರೋದಿಲ್ಲ. ಮಾಸ್ಕಿನ ಮೇಲಿಂದ ನುಗ್ಗಿದ ಉಸಿರು ತಣ್ಣಗಿರೋ ಲೆನ್ಸಿಗೆ ತಾಗಿದ ಕೂಡ್ಲೇ ಹೆಚ್ಚಾದ ನೀರು ಸಣ್ಣ ಸಣ್ಣ ಹನಿಯಾಗಿ ಲೆನ್ಸ್ ಮೇಲೇ ಕೂರ್ತದೆ, ತಣ್ಣೀರು ತುಂಬಿದ ತಂಬಿಗೆ ಹೊರಗಡೆ ಬೆವರೋ ಹಾಗೇ. ಆ ಸಾವಿರಾರು ಹನಿ ಬೆಳಕನ್ನ ದಿಕ್ಕಾಪಾಲು ಚದುರಿಸ್ತದೆ, ಅದಕ್ಕೇ ಬಿಳಿ ಕಾಣೋದು. ಅಂದ್ರೆ ಮಬ್ಬಾಗೋಕೆ ಮೂರು ಬೇಕು: ತೇವದ ಗಾಳಿ ಲೆನ್ಸ್ ತನಕ ಬರ್ಬೇಕು, ಲೆನ್ಸ್ ಆ ಗಾಳಿಗಿಂತ ತಣ್ಣಗಿರ್ಬೇಕು, ನೀರು ಲೆನ್ಸ್ ಮೇಲೆ ಹರಡದೆ ಹನಿ ಹನಿಯಾಗಿ ನಿಲ್ಬೇಕು. ಈ ಮೂರರಲ್ಲಿ ನಿಮ್ಮದು ಯಾವುದು ಜಾಸ್ತಿ ಅಂತ ಗೊತ್ತಾದ್ರೆ ಅರ್ಧ ಕೆಲಸ ಮುಗೀತು.

ಒಳಗಡೆಯೋ ಹೊರಗಡೆಯೋ

ಮಬ್ಬಾದ ತಕ್ಷಣ ಒರೆಸ್ಬೇಡಿ. ತೊಳೆದ ಬೆರಳಲ್ಲಿ ಲೆನ್ಸಿನ ಹೊರಭಾಗದ ಒಂದು ಮೂಲೆಗೆ ಮೆಲ್ಲಗೆ ಗೆರೆ ಎಳೀರಿ. ಗೆರೆ ಸ್ಪಷ್ಟವಾಗಿ ಬಿದ್ರೆ ಹಬೆ ಹೊರಗಡೆ ಇದೆ, ಏನೂ ಬದಲಾಗದಿದ್ರೆ ಒಳಗಡೆ ಇದೆ.

ಒಳಗಡೆ ಮಾತ್ರ ಇದ್ರೆ ಅದು ನಿಮ್ಮ ಉಸಿರೇ, ಮಾಸ್ಕ್ ಸೋರ್ತಿದೆ. ಎರಡೂ ಕಡೆ ಇದ್ರೆ, ಅಥವಾ ಹೊರಗಡೆನೇ ಜಾಸ್ತಿ ಇದ್ರೆ, ಅದು ಊರಿನ ಗಾಳಿ. ನಮ್ಮ ಕರಾವಳೀಲಿ ಈ ಎರಡನೇದನ್ನ ಯಾರೂ ಲೆಕ್ಕಕ್ಕೆ ತಗೊಳ್ಳೋದಿಲ್ಲ. ಜುಲೈ ತಿಂಗಳಲ್ಲಿ ಕಾರವಾರದಲ್ಲಿ ಗಾಳಿ 27 ಡಿಗ್ರಿ ಇದ್ದು ತೇವಾಂಶ ನೂರಕ್ಕೆ 90 ಇದ್ರೆ, ಯಾವ ವಸ್ತು 25 ಡಿಗ್ರಿಗಿಂತ ತಣ್ಣಗಿದ್ರೂ ಅದ್ರ ಮೇಲೆ ನೀರು ಕೂರ್ತದೆ. ಬ್ಯಾಂಕಲ್ಲಿ ಎಸಿ 20ಕ್ಕೋ 22ಕ್ಕೋ ಇಟ್ಟು ಬೆಳಗಿಂದ ಕೂತವರು ಊಟಕ್ಕೆ ಅಂತ ಬಾಗಿಲು ತೆಗೆದು ಹೊರಗೆ ಕಾಲಿಟ್ರೆ ಮಾಸ್ಕ್ ಇದ್ರೂ ಇಲ್ದಿದ್ರೂ ಚಷ್ಮಾ ಮಬ್ಬಾಗೇ ಆಗ್ತದೆ. ರೈಲಿನ ಎಸಿ ಬೋಗಿಯಿಂದ ಕಾರವಾರ ಸ್ಟೇಷನ್ನಲ್ಲಿ ಇಳಿದವರಿಗೂ, ಬೆಂಗಳೂರಿಂದ ರಾತ್ರಿ ಎಸಿ ಬಸ್ಸಲ್ಲಿ ಬಂದು ಬೆಳಗ್ಗೆ ಅಂಕೋಲಾದಲ್ಲಿ ಇಳಿದವರಿಗೂ ಇದೇ ಕಥೆ. ಅದಕ್ಕೆ ಮಾಸ್ಕನ್ನ ಬೈದು ಪ್ರಯೋಜನ ಇಲ್ಲ, ಮಾಸ್ಕಿನ ಮೇಲಂಚಲ್ಲಿರೋ ಮೂಗಿನ ತಂತಿ ಎಷ್ಟು ಒತ್ತಿದ್ರೂ ಸರಿಯಾಗೋದಿಲ್ಲ.

ಇನ್ನೂ ಸಂಶಯ ಇದ್ರೆ ಮಾಸ್ಕ್ ತೆಗೆದ್ರೂ ನಡೆಯೋ ಜಾಗದಲ್ಲಿ, ಅಂದ್ರೆ ಜನ ಇಲ್ಲದ ಕಡೆ ಬಯಲಲ್ಲಿ, ಮಾಸ್ಕ್ ಇಲ್ಲದೇ ಅದೇ ರೀತಿ ಎಸಿಯಿಂದ ಹೊರಗೆ ಬಂದು ನೋಡಿ. ಆಗಲೂ ಮಬ್ಬಾದ್ರೆ ಕಾರಣ ಲೆನ್ಸ್ ತಣ್ಣಗಿರೋದು. ಇದಕ್ಕೆ ಮದ್ದು ಸರಳ: ಎಸಿ 26ರ ಹತ್ರ ಇಡಿ, ಗಾಳಿ ನೇರ ಮುಖಕ್ಕೆ ಬೀಳೋ ಜಾಗದಿಂದ ಕುರ್ಚಿ ಸರಿಸ್ಕೊಳ್ಳಿ, ಹೊರಡೋ ಮೊದ್ಲು ಚಷ್ಮಾನ ಒಂದೆರಡು ನಿಮಿಷ ಅಂಗಿ ಜೇಬಲ್ಲಿ ಮೈ ಬಿಸಿಗೆ ಇಟ್ಕೊಳ್ಳಿ, ಹೊರಗೆ ಬಂದ ಮೇಲೆ ಒರೆಸೋಕೆ ಹೋಗದೆ ಸ್ವಲ್ಪ ಕಾಯಿರಿ, ಲೆನ್ಸ್ ಬಿಸಿಯಾದ ಹಾಗೆ ತಾನೇ ಬಿಡ್ತದೆ. ಹಳೇ ಕಾಲದ ಗಾಜಿನ ಲೆನ್ಸ್ ಇದ್ದವರಿಗೆ ಇದು ಜಾಸ್ತಿ ಹೊತ್ತು ಹಿಡೀತದೆ, ಯಾಕಂದ್ರೆ ಗಾಜು ತೂಕ ಜಾಸ್ತಿ, ನಿಧಾನಕ್ಕೆ ಬಿಸಿಯಾಗ್ತದೆ. ಗಾಡಿ ಓಡ್ಸೋರು ಮಾತ್ರ ಎಸಿ ರೂಮಿಂದ ಬಂದವರೇ ಸೀದಾ ಗಾಡಿ ಸ್ಟಾರ್ಟ್ ಮಾಡ್ಬೇಡಿ, ಚಷ್ಮಾ ತಿಳಿಯಾದ ಮೇಲೆ ಹೊರಡಿ.

ಘಟ್ಟದ ಮೇಲೆ ಇರೋರಿಗೆ ಲೆಕ್ಕ ಬೇರೆ. ಸಿರ್ಸಿ ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಮೇಲಿದೆ, ಡಿಸೆಂಬರ್ ಜನವರೀಲಿ ಬೆಳಗ್ಗೆ ಚಳಿ ಚೆನ್ನಾಗೇ ಇರ್ತದೆ, ಲೆನ್ಸ್ ತಣ್ಣಗೆ ಕೊರೀತಿರ್ತದೆ, ಆಗ ಮಾಸ್ಕಿಂದ ಸ್ವಲ್ಪವೇ ಉಸಿರು ಸೋರಿದ್ರೂ ಪೂರ್ತಿ ಬಿಳಿ. ಅದೇ ಮಾಸ್ಕ್ ಅದೇ ಚಷ್ಮಾ ಮೇ ತಿಂಗಳ ಮಧ್ಯಾಹ್ನ ಹೊನ್ನಾವರದಲ್ಲಿ ಹಾಕ್ಕೊಂಡ್ರೆ ಅಷ್ಟೇನೂ ಮಬ್ಬಾಗೋದಿಲ್ಲ, ಲೆನ್ಸೇ 32, 33 ಡಿಗ್ರಿ ಬಿಸಿಯಾಗಿರ್ತದಲ್ಲ, ಅಲ್ಲಿ ತೊಂದರೆ ಕೊಡೋದು ಸೆಕೆಗೆ ಹಣೆಯಿಂದ ಇಳಿಯೋ ಬೆವರು. ಹಾಗಾಗಿ ಘಟ್ಟದ ಕೆಳಗಿನ ನೆಂಟರು ನಮಗೇನೂ ಆಗೋದಿಲ್ಲ ನೋಡಿ, ಇದೇ ಮಾಸ್ಕ್ ತಗೊಳ್ಳಿ ಅಂದ್ರೆ ಅದನ್ನ ಪೂರ್ತಿ ನಂಬ್ಬೇಡಿ.

ಉಸಿರು ಎಲ್ಲಿಂದ ಸೋರ್ತಿದೆ

ಒಳಗಡೆ ಹಬೆ ಅಂತ ಖಾತ್ರಿ ಆಯ್ತು ಅಂತಿಟ್ಕೊಳ್ಳಿ. ಈಗ ಹತ್ತು ಸೆಕೆಂಡು ಉಸಿರು ಹಿಡಿದು ನಿಲ್ಲಿ, ಮಬ್ಬು ಬಿಡ್ತಾ ಬರ್ಬೇಕು, ಮತ್ತೆ ಉಸಿರು ಬಿಟ್ಟ ತಕ್ಷಣ ಕನ್ನಡಿ ಮುಂದೆ ನಿಂತು ಲೆನ್ಸ್ ಎಲ್ಲಿಂದ ಬೆಳ್ಳಗಾಗೋಕೆ ಶುರು ಆಗ್ತದೆ ನೋಡಿ. ಇದೊಂದನ್ನ ಸರಿಯಾಗಿ ನೋಡಿದ್ರೆ ಬಾಕಿ ಎಲ್ಲ ಸುಲಭ, ಯಾಕಂದ್ರೆ ಲೆನ್ಸೇ ತೋರಿಸ್ತದೆ ಎಲ್ಲಿ ತೂತಿದೆ ಅಂತ. ಮೂಗಿನ ಕಡೆ ಮೂಲೆಯಿಂದ ಶುರು ಆದ್ರೆ ಮೂಗಿನ ಎರಡೂ ಪಕ್ಕ ಗ್ಯಾಪ್ ಇದೆ. ಕೆಳಗಿನ ಅಂಚಿಂದ ಉದ್ದಕ್ಕೆ ಏರಿದ್ರೆ ಕೆನ್ನೆ ಮೇಲೆ ಮಾಸ್ಕಿನ ಅಂಚು ಎದ್ದು ನಿಂತಿದೆ. ಕಿವಿ ಕಡೆ ಮೂಲೆಯಿಂದ ಬಂದ್ರೆ ಪಕ್ಕದ ಮಡಿಕೆ ಬಾಯಿ ಬಿಟ್ಟಿದೆ. ಒಂದೇ ಕಣ್ಣಿಗೆ ಆಗ್ತಿದ್ರೆ ಒಂದು ಕಡೆ ದಾರ ಸಡಿಲ, ಇಲ್ಲಾ ಮಾಸ್ಕ್ ಓರೆ ಕೂತಿದೆ.

ಆಮೇಲೆ ಎರಡು ತೋರುಬೆರಳಿಂದ ಮೂಗಿನ ಎರಡೂ ಪಕ್ಕ ಮಾಸ್ಕ್ ಒತ್ತಿ ಹಿಡಿದು ಜೋರಾಗಿ ಉಸಿರು ಬಿಡಿ. ಮಬ್ಬಾಗ್ಲೇ ಇಲ್ಲ ಅಂದ್ರೆ ನಿಮಗೆ ಸ್ಪ್ರೇನೂ ಬೇಡ, ಹೊಸ ಚಷ್ಮಾನೂ ಬೇಡ, ತಂತಿ ಸರಿ ಮಾಡಿದ್ರೆ ಸಾಕು. ನನ್ನ ಅನುಭವದಲ್ಲಿ ಕೇಳೋಕೆ ಬಂದವರಲ್ಲಿ ಬಹಳಷ್ಟು ಜನರದ್ದು ಇಲ್ಲೇ ಮುಗೀತದೆ.

ಒಬ್ಬರು ಶಾಲೆ ಅಕ್ಕೋರು ಬಂದಿದ್ರು, ಧೂಳಿಗೆ ದಮ್ಮು ಬರ್ತದೆ ಅಂತ ದಿನಾ ಬಸ್ಸಲ್ಲಿ ಮಾಸ್ಕ್ ಹಾಕೋರು.

"ಅಕ್ಕೋರೆ, ನೀವು ದಿನಾ ಹ್ಯಾಂಗೆ ಹಾಕ್ತೀರೋ ಹಾಂಗೇ ಹಾಕಿ ತೋರ್ಸಿ."

"ಹೀಂಗೇ ಹಾಕೂದು, ಮತ್ತೆ ಹ್ಯಾಂಗೆ?"

"ತಂತಿ ಎಲ್ಲಿ ಉಂಟು ಮುಟ್ಟಿ ನೋಡಿ."

ತಂತಿ ಗಲ್ಲದ (ಗದ್ದದ) ಕೆಳಗಿತ್ತು. ಮಾಸ್ಕ್ ತಲೆಕೆಳಗೆ. ಸರ್ಜಿಕಲ್ ಮಾಸ್ಕಿನ ಬಣ್ಣದ ಬದಿ ಹೊರಗೆ ಇರ್ಬೇಕು, ತಂತಿ ಮೇಲೆ ಇರ್ಬೇಕು, ಹೊರಗಿನ ಮಡಿಕೆಗಳು ಕೆಳಮುಖವಾಗಿ ಇರ್ಬೇಕು, ಇದನ್ನ ಯಾರೂ ಕೂರಿಸಿ ಹೇಳ್ಕೊಟ್ಟಿಲ್ಲ ಹಾಗಾಗಿ ತುಂಬ ಜನರಿಗೆ ಗೊತ್ತಿಲ್ಲ, ಅದರಲ್ಲಿ ನಾಚಿಕೆ ಪಡೋದು ಏನೂ ಇಲ್ಲ. ತಿರುಗಿಸಿ ಹಾಕಿ ತಂತಿ ಕೂರಿಸಿದ್ಮೇಲೆ ಅಕ್ಕೋರು ಅಂಗಡಿ ಒಳಗೇ ಪೇಪರ್ ಓದಿ ನೋಡಿದ್ರು, ಸರಿಯಾಯ್ತು.

ತಂತಿ ಕೂರಿಸೋದ್ರಲ್ಲೂ ಒಂದು ಕ್ರಮ ಇದೆ. ಎಲ್ಲರೂ ಒಂದೇ ಕೈಯ ಎರಡು ಬೆರಳಲ್ಲಿ ಚಿವುಟ್ತಾರೆ, ಆಗ ತಂತಿ ಮೂಗಿನ ಮೇಲೆ ಚೂಪಾಗಿ ಗುಡಾರದ ಹಾಗೆ ಎದ್ದು ನಿಂತು ಎರಡೂ ಪಕ್ಕ ಎರಡು ತೂತು ಬಿಡ್ತದೆ, ಹೊಗೆ ಕೊಳವೆ ಕಟ್ಟಿದಂಗೆ ಆಯ್ತು, ಉಸಿರು ಸೀದಾ ಲೆನ್ಸಿಗೆ. ಹಾಗೆ ಮಾಡದೆ ಎರಡೂ ಕೈಯ ಬೆರಳ ತುದಿ ತಂತಿಯ ಮಧ್ಯದಲ್ಲಿಟ್ಟು, ಮೂಗಿನ ಎಲುಬಿಂದ ಶುರು ಮಾಡಿ ಮೂಗಿನ ಪಕ್ಕಕ್ಕೆ, ಅಲ್ಲಿಂದ ಕೆನ್ನೆ ತನಕ ಒತ್ತುತ್ತಾ ಹೋಗ್ಬೇಕು, ತಂತಿ ಮುಖದ ಆಕಾರಕ್ಕೆ ಬಗ್ಗಬೇಕು. ಆಮೇಲೆ ಮಾಸ್ಕಿನ ಮೇಲಂಚಿನ ಮೇಲೆ ಚಷ್ಮಾ ಕೂರಿಸ್ಬೇಕು, ಚಷ್ಮಾ ಮೊದ್ಲು ಮಾಸ್ಕ್ ಆಮೇಲೆ ಅಲ್ಲ. ಸ್ವಲ್ಪ ತೂಕದ ದಪ್ಪ ಫ್ರೇಮ್ ಇದ್ರೆ ಅದೇ ಮಾಸ್ಕನ್ನ ಒತ್ತಿ ಹಿಡೀತದೆ.

ಬಟ್ಟೆ ಮಾಸ್ಕಲ್ಲಿ ತಂತಿ ಇಲ್ದಿದ್ರೆ ಮೇಲಂಚಲ್ಲಿ ಸಣ್ಣ ಬಾಯಿ ಬಿಡಿಸಿ ಬಗ್ಗೋ ಅಲ್ಯೂಮಿನಿಯಂ ಪಟ್ಟಿ ತೂರಿಸಿ ಹೊಲೀಬಹುದು, ತುದಿ ಮಡಚಿ ಹೊಲೀರಿ, ಇಲ್ಲಾಂದ್ರೆ ಒಗೆದಾಗ ಹೊರಗೆ ಬಂದು ಕಣ್ಣಿನ ಹತ್ರ ಚುಚ್ತದೆ. ತಂತಿ ಹಾಕೋಕೆ ಆಗೋದಿಲ್ಲ ಅಂದ್ರೆ ಟಿಶ್ಯೂ ಪೇಪರನ್ನ ಉದ್ದಕ್ಕೆ ಮಡಚಿ ಮಾಸ್ಕ್ ಒಳಗೆ ಮೂಗಿನ ಮೇಲೆ ಇಟ್ಕೊಳ್ಳಿ, ಅದು ಗ್ಯಾಪ್ ತುಂಬ್ತದೆ, ಸ್ವಲ್ಪ ತೇವವನ್ನೂ ಹೀರ್ತದೆ, ಒದ್ದೆ ಆದ ಕೂಡ್ಲೇ ಬದಲಾಯಿಸ್ಬೇಕು ಅಷ್ಟೇ.

ಕಿವಿ ಕಡೆಯಿಂದ ಸೋರೋದಾದ್ರೆ ದಾರಕ್ಕೆ ಗಂಟು ಹಾಕೋದು ಒಳ್ಳೆ ಉಪಾಯ. ಸರ್ಜಿಕಲ್ ಮಾಸ್ಕನ್ನ ಉದ್ದಕ್ಕೆ ಎರಡಾಗಿ ಮಡಚಿ, ಕಿವಿ ದಾರ ಮಾಸ್ಕಿಗೆ ಸೇರೋ ಜಾಗದ ಹತ್ರಾನೇ ಗಂಟು ಹಾಕಿ, ಬಿಡಿಸಿದಾಗ ಪಕ್ಕದಲ್ಲಿ ಉಳಿಯೋ ಬಾಯಿಯನ್ನ ಒಳಗೆ ಮಡಚಿಬಿಡಿ, 2021ರಲ್ಲಿ ಅಮೆರಿಕದ ಸಿಡಿಸಿ ಅನ್ನೋ ಸರ್ಕಾರಿ ರೋಗ ತಡೆ ಸಂಸ್ಥೆಯವರು ಇದನ್ನ ಪರೀಕ್ಷೆ ಮಾಡಿ ಇದ್ರಿಂದ ಮಾಸ್ಕ್ ಮುಖಕ್ಕೆ ಚೆನ್ನಾಗಿ ಕೂರ್ತದೆ ಅಂತ ಹೇಳಿದ್ರು. ದಾರವನ್ನ ಎಂಟರ ಹಾಗೆ ತಿರುಚಿ ಕಿವಿಗೆ ಹಾಕೋರು ಇದ್ದಾರೆ, ಅದು ಬೇಡ, ತಿರುಚಿದ್ರೆ ಪಕ್ಕದಲ್ಲಿ ಗ್ಯಾಪ್ ಇನ್ನೂ ದೊಡ್ಡದಾಗ್ತದೆ.

ದಿನಪೂರ್ತಿ ಹಾಕ್ಕೊಂಡಿರೋ ಆಸ್ಪತ್ರೆಯವರಿಗೆ ನಾನು ಹೇಳೋದು ಮೈಕ್ರೋಪೋರ್ ಟೇಪ್, ಗಾಯಕ್ಕೆ ಬ್ಯಾಂಡೇಜ್ ಅಂಟಿಸೋಕೆ ಬಳಸೋ ಬಿಳಿ ಪೇಪರ್ ಟೇಪು, ಎಲ್ಲಾ ಮೆಡಿಕಲ್ ಶಾಪಲ್ಲೂ ಸಿಗ್ತದೆ. ಅರ್ಧ ಮಾಸ್ಕ್ ಮೇಲೆ ಅರ್ಧ ಮೂಗು ಕೆನ್ನೆ ಮೇಲೆ ಬರೋ ಹಾಗೆ ಒಂದು ಪಟ್ಟಿ. ಪ್ಯಾಕಿಂಗ್ ಟೇಪ್, ಸೆಲ್ಲೋ ಟೇಪ್ ಯಾವತ್ತೂ ಮುಖಕ್ಕೆ ಹಾಕ್ಬೇಡಿ, ಚರ್ಮ ಕಿತ್ತು ಬರ್ತದೆ. ಎನ್95 ಹಾಕೋರಿಗೆ ಮಾತ್ರ ಟೇಪ್ ಬೇಕೇ ಆಗ್ಬಾರ್ದು. ಎನ್95 ಮುಖಕ್ಕೆ ಸರಿಯಾಗಿ ಕೂತಿದ್ರೆ ಉಸಿರು ಬಟ್ಟೆ ಮೂಲಕವೇ ಹೋಗ್ಬೇಕು, ಚಷ್ಮಾ ಮಬ್ಬಾಯ್ತು ಅಂದ್ರೆ ಮಾಸ್ಕ್ ಸೋರ್ತಿದೆ ಅಂತಲೇ ಅರ್ಥ, ಅಳತೆ ಸರಿಯಿಲ್ಲ ಇಲ್ಲಾ ಕೆಳಗಿನ ಪಟ್ಟಿ ಕುತ್ತಿಗೆಗೆ ಹಾಕದೆ ಬಿಟ್ಟಿದ್ದಾರೆ. ಅಂಥ ಮಾಸ್ಕಿಗೆ ಲೆನ್ಸ್ ಮೇಲೆ ಸೋಪು ಸವರಿ ಮಬ್ಬನ್ನ ಮುಚ್ಚಿ ಹಾಕಿದ್ರೆ ಅಪಾಯ, ಯಾಕಂದ್ರೆ ಸೋರ್ತಿದೆ ಅಂತ ಹೇಳ್ತಿದ್ದ ಒಂದೇ ಗುರುತನ್ನೂ ಅಳಿಸಿದ ಹಾಗಾಯ್ತು. ಮೊದ್ಲು ಮಾಸ್ಕ್ ಸರಿ ಮಾಡಿ. ಗಡ್ಡ ಇದ್ದವರಿಗೆ ಎನ್95 ಸರಿ ಕೂರೋದಿಲ್ಲ.

ಮುಂದೆ ವಾಲ್ವ್ ಇರೋ ಮಾಸ್ಕ್ ಹಾಕಿದ್ರೆ ಮಬ್ಬು ಕಡಿಮೆ, ಅದು ನಿಜ, ಬಿಸಿ ಉಸಿರು ಮುಂದಿಂದ ಹೋಗಿಬಿಡ್ತದೆ. ಅಡಿಕೆ ಧೂಳಿಗೆ, ಮರ ಕೊಯ್ಯೋ ಕಡೆ ಅದು ಚೆನ್ನಾಗೇ ಆಗ್ತದೆ. ಆದ್ರೆ ರೋಗ ಹರಡಬಾರ್ದು ಅಂತ ಮಾಸ್ಕ್ ಹಾಕೋ ಜಾಗದಲ್ಲಿ ಅದು ಬೇಡ, ನಿಮ್ಮ ಉಸಿರು ಸೋಸದೆ ಹೊರಗೆ ಹೋಗ್ತದೆ, 2020ರ ಜುಲೈನಲ್ಲಿ ಕೇಂದ್ರ ಆರೋಗ್ಯ ಇಲಾಖೆಯವರೇ ರಾಜ್ಯಗಳಿಗೆ ಪತ್ರ ಬರೆದು ಇದನ್ನ ಹೇಳಿದ್ರು.

ಸೋರೋದು ನಿಂತ್ರೂ ಮಬ್ಬಾದ್ರೆ ಲೆನ್ಸ್ ನೋಡಿ

ಒತ್ತಿ ಹಿಡಿದ್ರೂ ಸ್ವಲ್ಪ ಮಬ್ಬಾಗೇ ಆಗ್ತದೆ ಅನ್ನೋರಿಗೆ ಈ ಭಾಗ. ಚಷ್ಮಾ ತೆಗೆದು ಲೆನ್ಸ್ ಮೇಲೆ ಒಂದ್ಸಲ ಹಾ ಅಂತ ಊದಿ. ತೆಳ್ಳಗೆ ಒಂದೇ ಸಮ ಬಿಳಿಯಾಗಿ ಕೆಲವೇ ಸೆಕೆಂಡಲ್ಲಿ ಹೋದ್ರೆ ಲೆನ್ಸ್ ಶುದ್ಧ ಇದೆ. ಗೆರೆ ಗೆರೆಯಾಗಿ, ಬೆರಳಚ್ಚಿನ ಹಾಗೆ, ತೇಪೆ ತೇಪೆಯಾಗಿ ಕೂತ್ರೆ ಮೇಲೆ ಎಣ್ಣೆ ಜಿಡ್ಡು ಇದೆ. ನಮ್ಮಲ್ಲಿ ತಲೆಗೆ ತೆಂಗಿನೆಣ್ಣೆ ಹಾಕ್ತೇವೆ, ಅದೇ ಕೈಯಲ್ಲಿ ಚಷ್ಮಾ ಸರಿ ಮಾಡ್ಕೊಳ್ತೇವೆ, ಅಡುಗೆಮನೇಲಿ ಒಗ್ಗರಣೆ ಹೊಗೆ ಬೇರೆ. ಸಮುದ್ರದ ಹತ್ರ ಇರೋರಿಗೆ ಇದ್ರ ಮೇಲೆ ಉಪ್ಪು. ಬೈತಖೋಲ್, ತದಡಿ ಬಂದರಿನ ಕಡೆ ಕೆಲಸ ಮಾಡೋರ ಚಷ್ಮಾ ಬೆಳಕಿಗೆ ಹಿಡಿದು ನೋಡಿ, ಸಣ್ಣ ಸಣ್ಣ ಬಿಳಿ ಚುಕ್ಕೆ ಕಾಣ್ತದೆ, ಅದು ಉಪ್ಪುಗಾಳಿ ತಂದು ಕೂರಿಸಿದ್ದು. ಉಪ್ಪು ಗಾಳಿಯಿಂದ ನೀರು ಎಳೀತದೆ, ಹಾಗಾಗಿ ಹಬೆ ಕೂರೋಕೆ ಅಲ್ಲಿ ಮೊದಲೇ ಜಾಗ ರೆಡಿ ಇರ್ತದೆ. ಅದನ್ನ ಒಣ ಪಂಚೆ ತುದಿಯಿಂದಲೋ ಸೆರಗಿಂದಲೋ ಉಜ್ಜಿದ್ರೆ ಉಪ್ಪಿನ ಹರಳು, ಮರಳು ಸೇರಿ ಲೆನ್ಸ್ ಮೇಲಿರೋ ತೆಳ್ಳನೆ ಕೋಟಿಂಗ್ ಮೇಲೆ ಗೀರು ಬೀಳ್ತದೆ, ಆ ಗೀರಿಗೆ ಮತ್ತೆ ಮದ್ದಿಲ್ಲ, ಲೆನ್ಸೇ ಬದಲಾಯಿಸ್ಬೇಕು. ಕರಾವಳಿಯವರು ಇದೊಂದು ಅಭ್ಯಾಸ ದಯವಿಟ್ಟು ಬಿಡಿ. ಮೊದ್ಲು ನೀರು, ಆಮೇಲೆ ಒರೆಸೋದು.

ಈಗ ಸೋಪಿನ ವಿಷಯ. 2011ರಲ್ಲಿ ಇಂಗ್ಲೆಂಡಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಪತ್ರಿಕೇಲಿ ಡಾಕ್ಟರುಗಳು ಒಂದು ಸಣ್ಣ ಟಿಪ್ಪಣಿ ಬರೆದಿದ್ರು, ಮಾಸ್ಕ್ ಹಾಕೋ ಮೊದ್ಲು ಚಷ್ಮಾನ ಸೋಪಿನ ನೀರಲ್ಲಿ ತೊಳೆದು ಕೊಡವಿ ಗಾಳಿಗೆ ಒಣಗೋಕೆ ಬಿಡಿ ಅಂತ. ಕೋವಿಡ್ ಬಂದಾಗ ಎಲ್ಲರೂ ಹಂಚ್ಕೊಂಡ ಉಪಾಯ ಅದೇ. ಕೆಲಸ ಮಾಡೋ ರೀತಿ ಹೀಗೆ: ನೀರು ತನ್ನನ್ನ ತಾನೇ ಎಳ್ಕೊಂಡು ಹನಿಯಾಗಿ ನಿಲ್ತದೆ, ಸೋಪು ಆ ಎಳೆತವನ್ನ ಅರ್ಧಕ್ಕಿಂತ ಕಡಿಮೆ ಮಾಡ್ತದೆ, ಆಗ ಕೂತ ನೀರು ಹನಿ ಆಗದೆ ತೆಳ್ಳನೆ ಪದರವಾಗಿ ಹರಡ್ತದೆ, ಆ ಪದರದಲ್ಲಿ ಬೆಳಕು ಸೀದಾ ದಾಟ್ತದೆ. ನೀರು ಕೂರೋದು ನಿಲ್ಲೋದಿಲ್ಲ, ಆದ್ರೆ ಕಣ್ಣಿಗೆ ಕಾಣೋದಿಲ್ಲ.

ಮಾಡೋದು ಹ್ಯಾಗೆ ಅಂದ್ರೆ, ಮೊದ್ಲು ತಣ್ಣೀರು ನಲ್ಲಿ ಕೆಳಗೆ ಹಿಡಿದು ಉಪ್ಪು ಧೂಳು ಹೋಗೋಕೆ ಬಿಡಿ, ಕೈ ಹಾಕ್ಬೇಡಿ. ಆಮೇಲೆ ಪಾತ್ರೆ ತೊಳೆಯೋ ಲಿಕ್ವಿಡ್ ಒಂದೇ ಹನಿ, ಇಲ್ಲಾ ಮಕ್ಕಳ ಶಾಂಪೂ, ಬೆರಳ ತುದಿಯಿಂದ ಎರಡೂ ಬದಿ, ನೋಸ್ ಪ್ಯಾಡ್ ಸಂದಿ ಎಲ್ಲ ಸವರಿ. ಆಮೇಲೆ ತುಂಬ ತಿಕ್ಕಿ ತೊಳೀದೆ ಒಂದ್ಸಲ ಸ್ವಲ್ಪ ನೀರು ಹಾಯಿಸಿ ಕೊಡವಿ. ಒಣಗೋಕೆ ಬಿಡಿ ಅಂತಾರೆ, ಆದ್ರೆ ನಮ್ಮ ಮಳೆಗಾಲದಲ್ಲಿ ಬಟ್ಟೆನೇ ವಾರಗಟ್ಲೆ ಒಣಗೋದಿಲ್ಲ, ಹಾಗಾಗಿ ಫ್ಯಾನ್ ಕೆಳಗೆ ಇಡಿ, ಇಲ್ಲಾ ಮೆತ್ತನೆ ಹತ್ತಿ ಬಟ್ಟೆ ಮೇಲೆ ಒತ್ತಿ ತೇವ ತೆಗೀರಿ, ಉಜ್ಜಿ ಹೊಳಪು ಬರೋ ಹಾಗೆ ಒರೆಸಿದ್ರೆ ಪದರ ಹೋಗಿಬಿಡ್ತದೆ. ಒಲೆ ಹತ್ರ, ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಒಣಗಿಸ್ಬೇಡಿ, ಪ್ಲಾಸ್ಟಿಕ್ ಲೆನ್ಸ್ ಬಿಸಿಗೆ ಹಿಗ್ಗಿದಷ್ಟು ಮೇಲಿನ ಕೋಟಿಂಗ್ ಹಿಗ್ಗೋದಿಲ್ಲ, ಬಲೆ ಬಲೆಯಾಗಿ ಬಿರುಕು ಬಿಡ್ತದೆ. ಬಿಸಿನೀರಲ್ಲಿ ತೊಳೆಯೋದೂ ಅದಕ್ಕೇ ಬೇಡ.

ನೀರಿನ ವಿಷಯ ಒಂದಿದೆ. ಸಮುದ್ರದ ದಂಡೆ ಊರುಗಳಲ್ಲಿ ಬೇಸಿಗೇಲಿ ಎಷ್ಟೋ ಬಾವಿ ನೀರು ಉಪ್ಪಾಗ್ತದೆ, ಆ ನೀರಲ್ಲಿ ಮೈ ಸೋಪು ನೊರೆನೇ ಬರೋದಿಲ್ಲ, ಒಡೆದ ಹಾಲಿನ ಥರ ಬಿಳಿ ಕಸ ಆಗಿ ಲೆನ್ಸಿಗೆ ಅಂಟ್ತದೆ, ಒಣಗಿದ ಮೇಲೆ ಮತ್ತೆ ಉಪ್ಪಿನ ಕಲೆ. ಅಂಥ ಊರಲ್ಲಿ ಲಿಕ್ವಿಡ್ಡೇ ಬಳಸಿ, ಕೊನೇಗೆ ಹಾಯಿಸೋಕೆ ಕುಡಿಯೋ ನೀರು ಒಂದು ಲೋಟ ಸಾಕು. ಸೋಪು ಹಾಕಿದ್ರೂ ನನಗೆ ಕೆಲಸ ಮಾಡ್ಲಿಲ್ಲ ಅಂದವರ ಮನೇಲಿ ನೀರು ಯಾವ್ದು ಅಂತ ನಾನು ಮೊದ್ಲು ಕೇಳ್ತೇನೆ.

ಇದು ಒಂದ್ಸಲ ಮಾಡಿದ್ರೆ ಮುಗೀತು ಅನ್ನೋದಲ್ಲ, ದಿನಾ ಬೆಳಗ್ಗೆ ಮಾಡ್ಬೇಕು, ನಡುವೆ ಸ್ಯಾನಿಟೈಸರ್ ಹಾಕಿ ಒರೆಸಿದ್ರೆ ಪದರ ಹೋಯ್ತು. ಮತ್ತೆ ಹೊಸ ದುಬಾರಿ ಲೆನ್ಸ್‌ಗಳಲ್ಲಿ ನೀರು ನಿಲ್ಲಬಾರ್ದು ಅಂತ ಜಾರೋ ಕೋಟಿಂಗ್ ಕೊಟ್ಟಿರ್ತಾರೆ, ಅದ್ರ ಮೇಲೆ ಸೋಪಿನ ಪದರ ಸರಿ ನಿಲ್ಲೋದಿಲ್ಲ, ನೀರು ಮಣಿ ಮಣಿಯಾಗೇ ಕೂರ್ತದೆ. ಅಂಥವರು ಪೂರ್ತಿ ಗಮನ ಮಾಸ್ಕ್ ಸೋರೋದನ್ನ ನಿಲ್ಲಿಸೋದ್ರ ಮೇಲೇ ಇಡಿ.

ಏನು ಹಾಕ್ಬಾರ್ದು ಅಂತಲೂ ಹೇಳ್ಬೇಕು, ಫೋನಲ್ಲಿ ಏನೇನೋ ವಿಡಿಯೋ ಬರ್ತದೆ. ಟೂತ್‌ಪೇಸ್ಟ್ ಬೇಡ, ಅದ್ರಲ್ಲಿ ಹಲ್ಲುಜ್ಜೋಕೆ ಅಂತಲೇ ಪುಡಿ ಇರ್ತದೆ. ಪಾತ್ರೆ ತಿಕ್ಕೋ ಸೋಪಿನ ಬಾರ್ ಬೇಡ, ಅದ್ರಲ್ಲೂ ಪುಡಿ. ವಿನೆಗರ್, ಕಿಟಕಿ ಗಾಜು ಒರೆಸೋ ನೀಲಿ ಲಿಕ್ವಿಡ್ ಬೇಡ, ಕೋಟಿಂಗ್ ಹಾಳಾಗ್ತದೆ. ಬಟಾಟೆ ಹೋಳು ಉಜ್ಜಿದ್ರೆ ಸ್ವಲ್ಪ ಹೊತ್ತು ನಿಲ್ಲೋದು ಹೌದು, ಆದ್ರೆ ಹಿಟ್ಟು ಒಣಗಿ ಬಿಳಿ ಕಲೆ ಆಗ್ತದೆ. ಆಂಟಿಫಾಗ್ ಸ್ಪ್ರೇ ನಮ್ಮ ಅಂಗಡೀಲೂ ಮಾರ್ತೇವೆ, ಕೆಲಸ ಮಾಡ್ತದೆ, ಆದ್ರೆ 2022ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಕೆಲವು ಆಂಟಿಫಾಗ್ ಸ್ಪ್ರೇ, ಲೆನ್ಸ್ ಒರೆಸೋ ಆಂಟಿಫಾಗ್ ಬಟ್ಟೆ ಪರೀಕ್ಷೆ ಮಾಡಿದಾಗ ಅವುಗಳಲ್ಲಿ ಪಿಎಫ್ಎಎಸ್ ಅನ್ನೋ, ಬೇಗ ಕರಗಿ ಹೋಗದ ಫ್ಲೋರಿನ್ ರಾಸಾಯನಿಕ ಜಾಸ್ತಿ ಸಿಕ್ಕಿತ್ತು. ಮೂಗಿನ ಬುಡದಲ್ಲೇ ದಿನಾ ಹಾಕ್ಕೊಳ್ಳೋ ವಸ್ತು, ಒಂದು ಹನಿ ಸೋಪಲ್ಲಿ ಆಗೋ ಕೆಲಸಕ್ಕೆ ಅದು ಬೇಕಾ ಅಂತ ನಾನು ಗಿರಾಕಿಗಳನ್ನ ಕೇಳೇ ಕೊಡೋದು. ಬಳಸೋದಾದ್ರೂ ಚಷ್ಮಾ ಮುಖದ ಮೇಲಿದ್ದಾಗ ಹೊಡ್ಕೋಬೇಡಿ.

ಫ್ರೇಮ್ ಬಗ್ಗೆ ಚಿಕ್ಕದಾಗಿ: ಲೆನ್ಸ್ ಕೆನ್ನೆಗೆ ತಾಗಿ ಕೂತಿದ್ರೆ ಒಳಗೆ ಸಿಕ್ಕಿದ ಹಬೆಗೆ ಹೊರಹೋಗೋಕೆ ದಾರಿ ಇಲ್ಲ. ನೋಸ್ ಪ್ಯಾಡ್ ಇರೋ ಫ್ರೇಮ್ ಆದ್ರೆ ಪ್ಯಾಡ್ ಸ್ವಲ್ಪ ಒಳಗೆ ಬಗ್ಗಿಸಿದ್ರೆ ಚಷ್ಮಾ ಒಂದೆರಡು ಮಿಲಿಮೀಟರ್ ಮುಂದೆ ಬರ್ತದೆ, ಯಾವ ಅಂಗಡೀಲಾದ್ರೂ ನಿಮಿಷದಲ್ಲಿ ಮಾಡ್ಕೊಡ್ತಾರೆ, ಮನೇಲಿ ಇಕ್ಕಳ ಹಿಡಿದು ಬಗ್ಗಿಸೋಕೆ ಹೋಗ್ಬೇಡಿ. ನಂಬರ್ ಜಾಸ್ತಿ ಇದ್ದವರು, ಪ್ರೊಗ್ರೆಸ್ಸಿವ್ (ದೂರ, ಹತ್ತಿರ ಎಲ್ಲಕ್ಕೂ ಒಂದೇ) ಲೆನ್ಸ್ ಇದ್ದವರು ಚಷ್ಮಾನ ಮೂಗಿನ ತುದಿಗೆ ಎಳ್ಕೊಂಡು ಸುಧಾರಿಸ್ಕೊಳ್ಳೋದು ಬೇಡ, ನಂಬರ್ ಬದಲಾದ ಹಾಗೆ ಆಗಿ ಮೆಟ್ಟಿಲು ತಪ್ತದೆ.

ತೋಟದಲ್ಲಿ ಮದ್ದು ಹೊಡೆಯೋರಿಗೆ

ಇದನ್ನ ಬೇರೆಯಾಗೇ ಬರೀಬೇಕು ಅನ್ಸ್ತು, ಯಾಕಂದ್ರೆ ಮೇಲಿನ ಉಪಾಯ ಅಷ್ಟೂ ಇವರಿಗೆ ನಡೆಯೋದಿಲ್ಲ. ಜೂನ್‌ನಿಂದ ಆಗಸ್ಟ್ ತನಕ ಅಡಿಕೆ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ, ಅಂದ್ರೆ ಸುಣ್ಣ ಮೈಲುತುತ್ತ ಕಲೆಸಿದ ನೀರು, ಹೊಡೀತಾರೆ, ಅದು ಕಣ್ಣಿಗೆ ಬಿದ್ರೆ ಉರಿ, ಹಾಗಾಗಿ ಚಷ್ಮಾನೋ ಗಾಗಲ್ಲೋ ಬೇಕೇ ಬೇಕು, ಮೂಗಿಗೆ ಮಾಸ್ಕೂ ಬೇಕು. ತೋಟದ ಒಳಗೆ ಗಾಳಿನೇ ಆಡೋದಿಲ್ಲ, ತೇವ ತುಂಬಿರ್ತದೆ, ಕೆಲಸದ ಬಿಸಿಗೆ ಉಸಿರು ಜೋರು, ಮೇಲಿಂದ ಮಳೆ ಹನಿ. ಸೋಪಿನ ಪದರ ಜಿಟಿಜಿಟಿ ಮಳೆಗೆ ತೊಳೆದು ಹೋಗ್ತದೆ, ಟೇಪು ಒದ್ದೆ ಮುಖಕ್ಕೆ ಅಂಟೋದಿಲ್ಲ.

ಮರ ಹತ್ತಿ ಹೊಡೆಯೋ ಕೊನೆಗೌಡರಿಗಿಂತ ಕೆಳಗೆ ನಿಂತು ದೋಟೀಲಿ (ಉದ್ದ ಕೋಲಲ್ಲಿ) ಹೊಡೆಯೋರಿಗೆ ಈ ಕಷ್ಟ ಜಾಸ್ತಿ, ಅದಕ್ಕೆ ಕಾರಣ ಕತ್ತು. ದಿನವಿಡೀ ತಲೆ ಮೇಲೆ ಎತ್ತಿ ನೋಡ್ಬೇಕು, ತಲೆ ಎತ್ತಿದಾಗ ಗಲ್ಲದ ಕಡೆಯಿಂದ ಮಾಸ್ಕ್ ಕೆಳಗೆ ಎಳೀತದೆ, ಮೂಗಿನ ಮೇಲಿನ ಅಂಚು ಜಾರಿ ಬಾಯಿ ಬಿಡ್ತದೆ, ನೆಟ್ಟಗೆ ನಿಂತು ಪರೀಕ್ಷೆ ಮಾಡಿದಾಗ ಸರಿ ಇದ್ದದ್ದು ಇಲ್ಲಿ ಸೋರೋಕೆ ಶುರು. ಇವರು ತಂತಿ ಕೂರಿಸೋದು, ಉಸಿರು ಬಿಟ್ಟು ನೋಡೋದು ಎಲ್ಲವನ್ನೂ ತಲೆ ಎತ್ತಿ ಹಿಡ್ಕೊಂಡೇ ಮಾಡ್ಬೇಕು. ಕಿವಿ ದಾರದ ಮಾಸ್ಕ್ ಬದ್ಲು ತಲೆ ಹಿಂದೆ ಎರಡು ಪಟ್ಟಿ ಬರೋ ಮಾಸ್ಕ್ ತಗೊಳ್ಳಿ, ಅದು ಗಲ್ಲ ಆಡಿದ್ರೂ ಜಾರೋದಿಲ್ಲ. ಇಲ್ಲಿ ವಾಲ್ವ್ ಇರೋದೇ ಒಳ್ಳೇದು. ನಂಬರ್ ಚಷ್ಮಾ ಇಲ್ಲದವರು ಪಕ್ಕದಲ್ಲಿ ಗಾಳಿ ಕಿಂಡಿ ಇರೋ, ಆದ್ರೆ ನೇರ ತೂತಿಲ್ಲದ ಗಾಗಲ್ ತಗೊಂಡ್ರೆ ಮದ್ದು ಒಳಗೆ ಬರೋದಿಲ್ಲ, ಹಬೆ ಹೊರಗೆ ಹೋಗ್ತದೆ. ನಂಬರ್ ಇದ್ದವರಿಗೆ ಚಷ್ಮಾ ಮೇಲೇ ಹಾಕ್ಕೊಳ್ಳೋ ದೊಡ್ಡ ಗಾಗಲ್ ಬರ್ತದೆ. ಒದ್ದೆ ಆದ ಮಾಸ್ಕಲ್ಲಿ ಉಸಿರು ದಾಟೋದಿಲ್ಲ, ದಾಟದ ಉಸಿರು ಮೇಲಿಂದ ಕಣ್ಣಿಗೇ ಬರೋದು, ಹಾಗಾಗಿ ಎರಡು ಮೂರು ಒಣ ಮಾಸ್ಕ್ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಟ್ಕೊಂಡು ಬದಲಾಯಿಸ್ತಾ ಇರಿ. ಲೆನ್ಸ್ ಮೇಲೆ ನೀಲಿ ಕಲೆ ಒಣಗೋಕೆ ಬಿಡ್ಬೇಡಿ, ಹಸಿ ಇದ್ದಾಗ್ಲೇ ನೀರಲ್ಲಿ ಅದ್ದಿ ತೆಗೀರಿ, ಉಗುರಲ್ಲಿ ಕೆರೆಯೋದು ಬೇಡ.

ಬೈಕಿನವರಿಗೆ ಇಷ್ಟೇ: ಹೆಲ್ಮೆಟ್ ಒಳಗೆ ಮಾಸ್ಕ್ ಇದ್ರೆ ಗಾಜು ಒಂದು ಬೆರಳಷ್ಟು ಎತ್ತಿ ಓಡಿಸಿ, ಮತ್ತೆ ದೇವಿಮನೆ ಘಟ್ಟದಲ್ಲೋ ಅರಬೈಲ್ ಘಟ್ಟದಲ್ಲೋ ಮಂಜಿನ ಒಳಗೆ ಹೊಕ್ಕಾಗ ಚಷ್ಮಾನೂ ಮಬ್ಬಾದ್ರೆ ಅಗಲ ಇರೋ ಕಡೆ ರಸ್ತೆ ಬಿಟ್ಟು ಬದಿಗೆ ನಿಲ್ಲಿಸಿ, ಒಂದು ಕೈಯಲ್ಲಿ ಒರೆಸ್ತಾ ತಿರುವಲ್ಲಿ ಹೋಗ್ಬೇಡಿ.

ಇದು ಹಬೆನೇ ಹೌದಾ

ಇಷ್ಟೆಲ್ಲ ಮಾಡಿದ್ರೂ ಮಬ್ಬು ಹೋಗೋದಿಲ್ಲ ಅಂದ್ರೆ ಚಷ್ಮಾ, ಮಾಸ್ಕ್ ಎರಡೂ ತೆಗೆದಿಟ್ಟು ಚಷ್ಮಾನ ಲೈಟಿಗೆ ಹಿಡಿದು ನೋಡಿ. ಒಣಗಿದ ಲೆನ್ಸಲ್ಲೇ ಬಲೆ ಬಲೆ ಬಿರುಕು, ಬಿಳಿ ಮಸುಕು ಕಂಡ್ರೆ ಕೋಟಿಂಗ್ ಹೋಗಿದೆ, ಲೆನ್ಸ್ ಬದಲಾಯಿಸ್ಬೇಕು. ಲೆನ್ಸ್ ತಿಳಿ ಇದೆ ಆದ್ರೆ ಬರಿಗಣ್ಣಲ್ಲೂ ಮಂಜು ಮಂಜು, ರಾತ್ರಿ ಎದುರು ಬರೋ ಗಾಡಿ ಲೈಟ್ ಒಡೆದು ಹರಡಿದ ಹಾಗೆ ಕಾಣ್ತದೆ, ವಯಸ್ಸು ಐವತ್ತು ದಾಟಿದೆ ಅಂದ್ರೆ ಅದು ಕಣ್ಣಿನ ಪೊರೆ ಇರಬಹುದು. ಮಾಸ್ಕಿಂದ ಹೀಗಾಗ್ತಿದೆ ಅಂದ್ಕೊಂಡು ಪೊರೆ ಇಟ್ಕೊಂಡೇ ದಿನ ತಳ್ಳಿದ ಹಿರಿಯರು ನಮ್ಮ ಕಡೆ ಇದ್ದಾರೆ, ನೋಡಿದ್ರೆ ಬೇಜಾರಾಗ್ತದೆ, ಆಪರೇಷನ್ನಿಂದ ಸರಿಯಾಗೋ ವಿಷಯ ಅದು. ಮಾಸ್ಕ್ ಹಾಕಿದಾಗ ಮಾತ್ರ ಕಣ್ಣು ಉರಿ, ಮರಳು ಬಿದ್ದ ಹಾಗೆ, ರೆಪ್ಪೆ ಹೊಡೆದ್ರೆ ತಿಳಿಯಾಗಿ ಮತ್ತೆ ಮಸುಕು ಅಂದ್ರೆ ಮೇಲೆ ಸೋರೋ ಉಸಿರು ಕಣ್ಣನ್ನ ಒಣಗಿಸ್ತಿದೆ, ಇದು ಕೋವಿಡ್ ಕಾಲದಲ್ಲಿ ಕಣ್ಣಿನ ಡಾಕ್ಟರುಗಳು ಗುರುತಿಸಿದ ತೊಂದರೆ, ಮೇಲಂಚು ಮುಚ್ಚಿದ್ರೆ ಕಡಿಮೆ ಆಗ್ತದೆ, ಉಳಿದದ್ದಕ್ಕೆ ಡಾಕ್ಟರ್ ಹೇಳಿದ ಡ್ರಾಪ್ಸ್.

ಸಕ್ಕರೆ ಕಾಯಿಲೆ ಇದ್ದವರಿಗೆ ಮಸುಕು ಒಂದು ದಿನ ಜಾಸ್ತಿ ಒಂದು ದಿನ ಕಡಿಮೆ ಆಗ್ತಿದ್ರೆ ಶುಗರ್ ಚೆಕ್ ಮಾಡಿಸಿ. ಮತ್ತೆ ಇದ್ದಕ್ಕಿದ್ದ ಹಾಗೆ ಕಣ್ಣು ಕೆಂಪಾಗಿ ಜೋರು ನೋವು, ತಲೆನೋವು, ವಾಂತಿ ಬಂದಂಗೆ, ಲೈಟಿನ ಸುತ್ತ ಬಣ್ಣದ ಉಂಗುರ ಕಾಣೋದು, ಇಷ್ಟು ಒಟ್ಟಿಗೆ ಬಂದ್ರೆ ಚಷ್ಮಾ ಅಂಗಡಿಗೆ ಬರ್ಬೇಡಿ, ನಾಳೆ ನೋಡುವ ಅಂತಲೂ ಬಿಡ್ಬೇಡಿ, ಕಣ್ಣಿನ ಒತ್ತಡ ಏರಿದ ಲಕ್ಷಣ ಅದು, ರಾತ್ರಿ ಆಗಿದ್ರೂ ಅದೇ ದಿನ ಕಣ್ಣಿನ ಡಾಕ್ಟರ್ ಇರೋ ಆಸ್ಪತ್ರೆಗೆ ಹೋಗಿ.